ಗಾಯವಿತ್ತು, ದಾಖಲೆ ಇರಲಿಲ್ಲ

1973ನೆಯ ಇಸವಿ ಜುಲೈ ತಿಂಗಳ 12ನೆಯ ತಾರೀಖು. ನಡುರಾತ್ರಿ ಕಳೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಹೊಂದಿಕೊಂಡಿರುವ ಓವರ್‌ಲ್ಯಾಂಡ್ ಎಂಬಲ್ಲಿ, ಆರು ಅಂತಸ್ತಿನ ವಿಶಾಲವಾದ ಸರಕಾರಿ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಆ ಕಟ್ಟಡದಲ್ಲಿ ಖಜಾನೆಯಿರಲಿಲ್ಲ. ಮದ್ದುಗುಂಡುಗಳ ದಾಸ್ತಾನೂ ಇರಲಿಲ್ಲ. ಇದ್ದದ್ದು ಬರಿಯ ಕಾಗದ. ಆ ದೇಶದ ಸೇನೆಯಲ್ಲಿ ದುಡಿದು ಬಿಡುಗಡೆಯಾಗಿ ಹೋದ ಕೋಟ್ಯಂತರ ಜನರ ನೌಕರಿಯ ಕಡತಗಳನ್ನು ಅಲ್ಲಿ ಸಾಲುಸಾಲಾಗಿ ಜೋಡಿಸಿಟ್ಟಿದ್ದರು.

ಇಪ್ಪತ್ತೆರಡು ಗಂಟೆಗಳ ಕಾಲ ಬೆಂಕಿ ಹತೋಟಿಗೆ ಬರಲಿಲ್ಲ. ಪೂರ್ತಿಯಾಗಿ ಆರಿತೆಂದು ಸಾರುವ ವೇಳೆಗೆ ನಾಲ್ಕೂವರೆ ದಿನಗಳು ಕಳೆದಿದ್ದವು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ನಾಶವಾದವೆಂದು ಅಂದಾಜು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಭೂಸೇನೆಯನ್ನು ಬಿಟ್ಟು ಬಂದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಪಾಲು ಬೂದಿಯಾದವು. ಎಂದರೆ ಎರಡು ಮಹಾಯುದ್ಧಗಳು ಮತ್ತು ಕೊರಿಯಾ ಯುದ್ಧ, ಮೂರರಲ್ಲಿಯೂ ಕಾದಾಡಿದವರ ಕಥೆ ಒಂದೇ ಬೆಂಕಿಗೆ ಆಹುತಿಯಾಯಿತು. ವಾಯುಸೇನೆಯ ಕಡತಗಳಿಗೆ ಒದಗಿದ ಗತಿ ಇನ್ನೂ ವಿಚಿತ್ರ. ಅವನ್ನು ಹೆಸರಿನ ಅಕ್ಷರಕ್ರಮದಲ್ಲಿ ಇಟ್ಟಿದ್ದರು. 1947ರಿಂದ 1963ರ ಕೊನೆಯವರೆಗೆ ಬಿಡುಗಡೆಯಾದವರ ಪೈಕಿ ಹಬ್ಬರ್ಡ್ ಎಂಬ ಹೆಸರಿನವರೆಗೆ ಕಡತಗಳು ಉಳಿದವು. ಅಲ್ಲಿಂದ ಮುಂದಿನವು ಸುಟ್ಟವು. ತಂದೆತಾಯಿಗಳು ಇಟ್ಟ ಹೆಸರಿನ ಮೊದಲ ಅಕ್ಷರವಲ್ಲ, ಮನೆತನದ ಹೆಸರಿನ ಮೊದಲ ಅಕ್ಷರ ಮನುಷ್ಯನ ಭಾಗ್ಯವನ್ನು ನಿರ್ಣಯಿಸಿತು!

ಆ ಕಡತಗಳಿಗೆ ನಕಲು ಪ್ರತಿಗಳಿರಲಿಲ್ಲ. ಮೈಕ್ರೋಫಿಲಂ ತೆಗೆದಿರಲಿಲ್ಲ. ಯಾರ ಯಾರ ಕಡತಗಳು ಅಲ್ಲಿದ್ದವು ಎಂಬ ಪೂರ್ಣವಾದ ಪಟ್ಟಿ ಕೂಡ ಇರಲಿಲ್ಲ. ಕಾಗದಗಳಿದ್ದ ವಿಭಾಗದಲ್ಲಿ ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಏರ್ಪಾಡೂ ಇರಲಿಲ್ಲ. ಬೆಂಕಿ ಹೇಗೆ ಹತ್ತಿತೆಂಬುದು ಕೊನೆಗೂ ಖಚಿತವಾಗಲಿಲ್ಲ.

ಹಳೆಯ ಕಾಗದ ಸುಟ್ಟರೆ ಸುಡಲಿ, ಯುದ್ಧ ಮುಗಿದು ಎಷ್ಟೋ ಕಾಲವಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಗಾಯಾಳುವಿಗೆ ಸಿಗಬೇಕಾದ ಮಾಸಾಶನ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸತ್ತ ಮೇಲೆ ಸಮಾಧಿಯ ಕಲ್ಲಿನ ಮೇಲೆ ಕೆತ್ತುವ ಎರಡು ಸಾಲು, ಎಲ್ಲವೂ ಆ ಕಾಗದವನ್ನೇ ನಂಬಿಕೊಂಡಿವೆ. ಪದಕದ ಮಾತೂ ಹಾಗೆಯೆ. ಸಿಪಾಯಿ ಪದಕವನ್ನು ಗೆಲ್ಲುವುದು ರಣರಂಗದಲ್ಲಿ. ಆದರೆ ಅದು ಅವನದಾಗುವುದು ದಫ್ತರಿನಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಒಂದು ಹಾಳೆಯ ಮಹಿಮೆ

ಅಮೆರಿಕದ ಸೈನಿಕನು ಸೇನೆಯನ್ನು ಬಿಡುವಾಗ ಅವನ ಕೈಗೆ ಒಂದು ಬಿಡುಗಡೆ ಪತ್ರವನ್ನು ಕೊಡುತ್ತಾರೆ. 1950ರಿಂದ ಈಚೆಗೆ ಅದಕ್ಕೆ ‘ಡಿ.ಡಿ. 214’ ಎಂದು ಹೆಸರು. ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಪಡೆದ ತರಬೇತಿ, ಬಿಡುಗಡೆ ಗೌರವಯುತವಾದದ್ದೋ ಅಲ್ಲವೋ ಎಂಬ ತೀರ್ಮಾನ, ಇವೆಲ್ಲ ಅದರಲ್ಲಿರುತ್ತವೆ. ಈಗಿನ ಫಾರಮಿನ 13ನೆಯ ಅಂಕಣ ಪದಕಗಳಿಗೆ ಮೀಸಲು. ಅಂಗೈಯಗಲದ ಜಾಗ. ಒಬ್ಬ ಮನುಷ್ಯನ ಯೌವನದ ಅತ್ಯಂತ ಭಯಂಕರವಾದ ಗಳಿಗೆಗಳು ಅಷ್ಟರಲ್ಲಿ ಅಡಗಬೇಕು.

ಅಲ್ಲಿ ತಪ್ಪು ನುಸುಳುವುದು ಹೇಗೆ? ಬಹಳ ಸುಲಭ. ಎರಡನೆಯ ಮಹಾಯುದ್ಧದಲ್ಲಿ 1 ಕೋಟಿ 60 ಲಕ್ಷ ಅಮೆರಿಕನ್ನರು ಸೇವೆ ಸಲ್ಲಿಸಿದರು. 1945ರಲ್ಲಿ ಯುದ್ಧ ಮುಗಿಯುತ್ತಲೂ ಅವರನ್ನು ಮನೆಗೆ ಕಳುಹಿಸಲು ಅಂಕಗಳ ಒಂದು ಪದ್ಧತಿಯನ್ನು ಮಾಡಿದ್ದರು. ಸೇವೆಯ ಪ್ರತಿ ತಿಂಗಳಿಗೆ 1 ಅಂಕ, ಸಮುದ್ರದಾಚೆ ಕಳೆದ ತಿಂಗಳಿಗೆ ಇನ್ನೊಂದು, ಪ್ರತಿಯೊಂದು ಪದಕಕ್ಕೆ 5, ಮನೆಯಲ್ಲಿ ಮಗುವಿದ್ದರೆ 12. ಮೊದಲಿಗೆ 85 ಅಂಕಗಳಾದವನು ಗಂಟು ಕಟ್ಟಬಹುದಾಗಿತ್ತು. ಹಾಗೆ ಬಂದವರನ್ನು ಬಿಡುಗಡೆಯ ಶಿಬಿರಗಳಲ್ಲಿ ಸಾಲಾಗಿ ಕೂರಿಸಿಕೊಂಡು ಗುಮಾಸ್ತರು ಒಂದೇ ಸಮನೆ ಟೈಪು ಮಾಡುತ್ತಿದ್ದರು. ಮೂರು ವರ್ಷಗಳಿಂದ ಹೆಂಡತಿಯ ಮುಖ ಕಾಣದವನು ‘ಸ್ವಾಮಿ, ನನ್ನ ಒಂದು ಪದಕ ಬಿಟ್ಟುಹೋಗಿದೆ, ಇನ್ನೊಮ್ಮೆ ಬರೆಯಿರಿ’ ಎಂದು ಅಲ್ಲಿ ಹಟ ಹಿಡಿದು ಕೂರುತ್ತಾನೆಯೆ? ರುಜು ಹಾಕಿ ರೈಲು ಹತ್ತುತ್ತಾನೆ.

ನಮ್ಮವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಶಾಲೆಗೆ ಸೇರಿಸುವ ದಿನ ಮೇಷ್ಟರು ಹುಡುಗನ ಎತ್ತರ ನೋಡಿ ಬರೆದುಕೊಂಡ ಹುಟ್ಟಿದ ತಾರೀಖು ಎಸ್.ಎಸ್.ಎಲ್.ಸಿ. ಪ್ರಮಾಣಪತ್ರಕ್ಕೆ ಏರಿ, ಅಲ್ಲಿಂದ ನೌಕರಿಯ ಪುಸ್ತಕಕ್ಕೆ ಇಳಿದು, ಕೊನೆಗೆ ಹೆತ್ತ ತಾಯಿಯ ನೆನಪಿಗಿಂತ ಅದೇ ದೊಡ್ಡ ಸತ್ಯವಾಗಿಬಿಟ್ಟ ನಿದರ್ಶನಗಳು ಎಷ್ಟು ಮನೆಗಳಲ್ಲಿಲ್ಲ! ನಮ್ಮ ರಾಜ್ಯದ 1974ರ ಒಂದು ಕಾಯಿದೆಯ ಪ್ರಕಾರ, ನೌಕರನು ತನಗೆ ಅನುಕೂಲವಾಗುವಂತೆ ವಯಸ್ಸು ತಿದ್ದಿಸಿಕೊಳ್ಳಬೇಕಾದರೆ ಅದು ಪುಸ್ತಕದಲ್ಲಿ ದಾಖಲಾದ ಮೂರು ವರ್ಷಗಳೊಳಗೆ ಅರ್ಜಿ ಕೊಡಬೇಕು. ಅಮೆರಿಕದಲ್ಲಿಯೂ ಸೈನಿಕನ ಅರ್ಜಿಗೆ, ತಪ್ಪು ಗಮನಕ್ಕೆ ಬಂದ ದಿನದಿಂದ ಮೂರು ವರ್ಷಗಳೇ ಅವಧಿ. ಆದರೆ ನ್ಯಾಯದ ದೃಷ್ಟಿಯಿಂದ ಆ ತಡವನ್ನು ಮನ್ನಿಸುವ ಅಧಿಕಾರವನ್ನು ಅಲ್ಲಿ ಶಾಸನವೇ ಕೊಟ್ಟಿದೆ. ಆ ಒಂದು ಕಿಂಡಿ ಇಲ್ಲದಿದ್ದರೆ ಈ ಲೇಖನದಲ್ಲಿ ಬರುವ ಬಹುಪಾಲು ಸಂಗತಿಗಳು ನಡೆಯುತ್ತಲೇ ಇರಲಿಲ್ಲ.

ಮನೆಗೆ ಬಂದ ಮೇಲೆ ಹುಟ್ಟಿದ ಪದಕಗಳು

ಗುಮಾಸ್ತನ ತಪ್ಪಲ್ಲದೆ ಮತ್ತೊಂದು ಬಗೆಯ ಲೋಪವೂ ಉಂಟು. ಸಿಪಾಯಿ ಸೇನೆಯನ್ನು ಬಿಡುವಾಗ ಆ ಪದಕವೇ ಇನ್ನೂ ಹುಟ್ಟಿರುವುದಿಲ್ಲ!

1943ರಲ್ಲಿ ಅಮೆರಿಕದ ಭೂಸೇನೆ, ಎದುರುಬದುರು ನಿಂತು ಹೋರಾಡಿದ ಕಾಲಾಳುಗಳಿಗೆಂದು ನೀಲಿ ಹಿನ್ನೆಲೆಯ ಮೇಲೆ ಬಂದೂಕಿನ ಚಿತ್ರವಿರುವ ಒಂದು ಬಿಲ್ಲೆಯನ್ನು ಜಾರಿಗೆ ತಂದಿತು. ಯುದ್ಧ ಮುಗಿದು ಎರಡು ವರ್ಷಗಳಾದ ಮೇಲೆ, 1947ರಲ್ಲಿ, ಯುದ್ಧಕಾಲದಲ್ಲಿ ಆ ಬಿಲ್ಲೆಯನ್ನು ಗಳಿಸಿದವರೆಲ್ಲ ‘ಬ್ರಾಂಜ್ ಸ್ಟಾರ್’ ಪದಕಕ್ಕೂ ಅರ್ಹರು ಎಂದು ತೀರ್ಮಾನವಾಯಿತು. ಸಂತೋಷದ ಸಂಗತಿಯೆ. ಆದರೆ ಪದಕ ತಾನಾಗಿ ಮನೆಗೆ ನಡೆದುಕೊಂಡು ಬರುವುದಿಲ್ಲ, ಅರ್ಜಿ ಹಾಕಬೇಕು. ಅಷ್ಟರಲ್ಲಿ ಆ ಕಾಲಾಳುಗಳು ಹೊಲಗಳಿಗೆ, ಗಿರಣಿಗಳಿಗೆ, ಅಂಗಡಿಗಳಿಗೆ ಚದರಿಹೋಗಿದ್ದರು. ಹೀಗೊಂದು ತೀರ್ಮಾನವಾಗಿದೆಯೆಂದು ಎಷ್ಟೋ ಜನರಿಗೆ ತಿಳಿದದ್ದು ಮೊಮ್ಮಕ್ಕಳು ಹುಟ್ಟಿದ ಮೇಲೆ.

ಯುದ್ಧಕೈದಿಗಳ ಪದಕದ ವಿಷಯ ಇನ್ನೂ ತಡ. ಅದಕ್ಕೆ ಮಂಜೂರಾತಿ ಸಿಕ್ಕಿದ್ದು 1985ರಲ್ಲಿ; ಅನ್ವಯವಾದದ್ದು 1917ರಿಂದ. ಜರ್ಮನರ ಸೆರೆಯಲ್ಲಿಯೋ ಜಪಾನೀಯರ ಸೆರೆಯಲ್ಲಿಯೋ ಉಪವಾಸ ಬಿದ್ದಿದ್ದ ಇಪ್ಪತ್ತರ ತರುಣ ಆ ಪದಕವನ್ನು ಕೈಯಲ್ಲಿ ಹಿಡಿಯುವಾಗ ಅರುವತ್ತು ದಾಟಿದ್ದ. ದಕ್ಷಿಣ ಕೊರಿಯಾ 1951ರಲ್ಲಿಯೇ ತನ್ನ ಪರವಾಗಿ ಹೋರಾಡಿದವರಿಗೆ ಯುದ್ಧಸೇವಾ ಪದಕ ಕೊಡಲು ಮುಂದೆ ಬಂದಿತ್ತು. ಅನ್ಯದೇಶದ ಪದಕವನ್ನು ತೊಡುವುದಕ್ಕೆ ಆಗ ಅಮೆರಿಕದ ಕಾನೂನು ಅಡ್ಡ ಬಂದಿತು. ಕೊನೆಗೆ ಅದನ್ನು ಒಪ್ಪಿಕೊಂಡದ್ದು 1999ರಲ್ಲಿ. ಕೊಡುವವರು ಕೈ ನೀಡಿಕೊಂಡು ನಿಂತ ನಲವತ್ತೆಂಟು ವರ್ಷಗಳ ತರುವಾಯ!

ಹಾಲಿನ ಬುಟ್ಟಿಯಲ್ಲಿ ಚರಿತ್ರೆ

ಇನ್ನು, ಸುಟ್ಟುಹೋದ ಕಡತಗಳ ಗತಿಯೇನಾಯಿತು? ಬೆಂಕಿ ಬಿಟ್ಟದ್ದನ್ನು ನೀರು ಕೆಡಿಸಿತ್ತು. ಜುಲೈ ತಿಂಗಳ ಸೆಕೆಯಲ್ಲಿ ಒದ್ದೆ ಕಾಗದಕ್ಕೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು ಬೇಕು? ಕೆಲಸಗಾರರು ಬೂಷ್ಟಿಗೆ ಔಷಧ ಸಿಂಪಡಿಸಿ, ತೊಯ್ದ ಕಡತಗಳನ್ನು ಹಾಲು ಸಾಗಿಸುವ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ತುಂಬಿ ಹೊರಗೆ ತಂದರು. ಆ ಊರಿನಲ್ಲಿಯೇ ಮಕ್‌ಡಾನೆಲ್ ಡಗ್ಲಾಸ್ ವಿಮಾನ ಕಾರಖಾನೆಯಿತ್ತು. ಅಂತರಿಕ್ಷದ ಸ್ಥಿತಿಗತಿಗಳನ್ನು ಭೂಮಿಯ ಮೇಲೆಯೇ ಉಂಟುಮಾಡಿ ಪರೀಕ್ಷಿಸಲು ಅಲ್ಲೊಂದು ನಿರ್ವಾತ ಕೋಠಿ ಇತ್ತು. ಚಂದ್ರಲೋಕಕ್ಕೆ ಮನುಷ್ಯನನ್ನು ಕಳುಹಿಸಿದ ಯುಗದ ಆ ಸಾಧನದೊಳಗೆ ಹಾಲಿನ ಬುಟ್ಟಿಗಳನ್ನು ಪೇರಿಸಿ ಕಾಗದಗಳ ಪಸೆಯನ್ನು ಹೀರಿಸಿದರು. ಹೀಗೆ ಸುಮಾರು 65 ಲಕ್ಷ ಕಡತಗಳು, ಅಂಚು ಕರಿಕಲಾಗಿಯೋ ಮೂಲೆ ಹರಿದೋ, ಉಳಿದುಕೊಂಡವು. ಆ ಕಚೇರಿ 2011ರಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. ಸುಟ್ಟ ಹಾಳೆಗಳನ್ನು ಅಲ್ಲಿ ತಂಪಾದ ಒಣ ಹವೆಯಲ್ಲಿ ಇಟ್ಟಿದ್ದಾರೆ. ಯಾರಾದರೂ ತಮ್ಮ ತಾತನ ಕಡತ ಕೇಳಿದರೆ ಅದನ್ನು ತೆರೆದು, ಬೂಷ್ಟನ್ನು ಒರೆಸಿ, ಹಾಳೆ ಹಾಳೆಯಾಗಿ ಬಿಡಿಸುವ ಕೆಲಸ ಇನ್ನೂ ಸಾಗಿದೆ.

ಪೂರ್ತಿ ಬೂದಿಯಾದವನ ಕಡತವನ್ನು ಬೇರೆ ಕಡೆಯಿಂದ ಕೂಡಿಸಬೇಕು. ಇಲ್ಲಿಯೇ ಈ ಕೆಲಸದ ಸ್ವಾರಸ್ಯವಿರುವುದು. ಸಿಪಾಯಿಯ ಹೆಸರು ಅವನ ಸ್ವಂತ ಕಡತದಲ್ಲಿ ಮಾತ್ರವೇ ಇರುವುದಿಲ್ಲವಷ್ಟೆ. ಆ ಕಾಲದಲ್ಲಿ ಪ್ರತಿಯೊಂದು ಕಂಪೆನಿಯೂ ದಿನಕ್ಕೊಂದು ‘ಬೆಳಗಿನ ವರದಿ’ ಬರೆಯುತ್ತಿತ್ತು. ಎಲ್ಲರ ಹೆಸರೂ ಅದರಲ್ಲಿರುವುದಿಲ್ಲ. ನಿನ್ನೆ ಇದ್ದು ಇಂದು ಇಲ್ಲದವನು, ಆಸ್ಪತ್ರೆಗೆ ಹೋದವನು, ಗಾಯಗೊಂಡವನು, ಸತ್ತವನು, ಹೊಸದಾಗಿ ಬಂದವನು, ಇಂಥವರ ಹೆಸರಷ್ಟೇ. ಊಟದ ಎಲೆ ಎಷ್ಟು ಹಾಕಬೇಕೆಂದು ಲೆಕ್ಕ ಹಿಡಿಯುವ ಯಜಮಾನನ ಹಾಗೆ! ಆದ್ದರಿಂದ ಗಾಯದ ದಿನ ನೆನಪಿದ್ದು, ಕಂಪೆನಿಯ ಹೆಸರು ಗೊತ್ತಿದ್ದರೆ, ಆ ಒಂದು ಹಾಳೆಯಲ್ಲಿ ಅವನು ಸಿಕ್ಕಬಹುದು. ಕೊನೆಯ ಸಂಬಳದ ರಸೀದಿಗಳೂ ನೆರವಾಗುತ್ತವೆ. ಅವು ಬೇರೊಂದು ಲೆಕ್ಕಪತ್ರ ಇಲಾಖೆಯ ವಶದಲ್ಲಿದ್ದುದರಿಂದ ಉಳಿದವು.

1988ರಲ್ಲಿ ಇನ್ನೊಂದು ನಿಧಿ ಸಿಕ್ಕಿತು. ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧಗಳ ಕಾಲದಲ್ಲಿ ಸೇನೆಯ ಆಸ್ಪತ್ರೆಗಳಿಗೆ ದಾಖಲಾದವರ ಸುಮಾರು ಒಂದು ಕೋಟಿ ನಮೂದುಗಳು ಕಂಪ್ಯೂಟರ್ ಸುರುಳಿಗಳಲ್ಲಿ ಇದ್ದವು. ವಿಜ್ಞಾನ ಅಕಾಡೆಮಿಯವರು ಅವನ್ನು ದಫ್ತರಿಗೆ ಒಪ್ಪಿಸಿದರು. ಅದರಲ್ಲಿ ಯಾರ ಹೆಸರೂ ಇಲ್ಲ. ಇರುವುದು ಸೈನಿಕನ ನಂಬರು ಮಾತ್ರ. ಮುದುಕನಿಗೆ ತನ್ನ ಮಗನ ಟೆಲಿಫೋನ್ ನಂಬರು ಮರೆತರೂ ಸೇನೆಯ ನಂಬರು ಮರೆಯುವುದಿಲ್ಲವೆನ್ನುತ್ತಾರೆ. ಮರೆಯದಿದ್ದುದೇ ಒಳ್ಳೆಯದಾಯಿತು.

ಪದಕ ಕಸಿದುಕೊಂಡ ಮಂಡಲಿ, ಪದಕ ಹಿಂದೆ ಕೊಟ್ಟ ಮಂಡಲಿ

ಮೊದಲು ಸೈನಿಕನೊಬ್ಬನ ದಾಖಲೆಯನ್ನು ತಿದ್ದಬೇಕಾದರೆ ಅವನ ಪರವಾಗಿ ಕಾಂಗ್ರೆಸ್ಸಿನಲ್ಲಿ, ಎಂದರೆ ಅಲ್ಲಿನ ಶಾಸನಸಭೆಯಲ್ಲಿ, ಪ್ರತ್ಯೇಕ ಮಸೂದೆಯೇ ಮಂಡನೆಯಾಗಬೇಕಾಗಿತ್ತು. 1946ರ ಶಾಸನ ಆ ಹೊರೆಯನ್ನು ಇಳಿಸಿ, ದಾಖಲೆ ತಿದ್ದುವ ಮಂಡಲಿಗಳಿಗೆ ದಾರಿ ಮಾಡಿತು. ಈ ಮಂಡಲಿಗಳಲ್ಲಿ ಕೂರುವವರು ಸೇನಾಧಿಕಾರಿಗಳಲ್ಲ, ನಾಗರಿಕರು. ಅರ್ಜಿಗೆ ಶುಲ್ಕವಿಲ್ಲ. ಆದರೆ ನೆಟ್ಟಗೆ ಅಲ್ಲಿಗೆ ಓಡುವಂತಿಲ್ಲ. ಕಾಗದ ನೋಡಿದೊಡನೆ ತಿಳಿಯುವ ತಪ್ಪನ್ನು ಮೊದಲು ಸೇನೆಯ ಕಚೇರಿಯಲ್ಲಿಯೇ ತಿದ್ದಿಸಿಕೊಳ್ಳಬೇಕು. ಅಲ್ಲಿ ಆಗದ್ದು ಮಾತ್ರ ಮಂಡಲಿಗೆ. ರುಜುವಾತಿನ ಹೊಣೆ ಅರ್ಜಿದಾರನದೇ. ಹಿಂದೆ ಯಾರೂ ಶಿಫಾರಸೇ ಮಾಡದ ಪದಕವಾದರೆ, 1996ರ ಒಂದು ಶಾಸನದ ಪ್ರಕಾರ, ಕಾಂಗ್ರೆಸ್ ಸದಸ್ಯರೊಬ್ಬರ ಮೂಲಕ ವಿಚಾರಣೆಗೆ ತರಬಹುದು.

ಅತ್ಯಂತ ಹೆಚ್ಚು ಕಣ್ಣೀರು ಬಿದ್ದಿರುವುದು ‘ಪರ್ಪಲ್ ಹಾರ್ಟ್’ ಪದಕದ ಅರ್ಜಿಗಳ ಮೇಲೆ ಇರಬೇಕು. ಶತ್ರುವಿನ ಕೈಯಿಂದ ಗಾಯಗೊಂಡವರಿಗೆ ಸಲ್ಲುವ ನೇರಳೆ ಬಣ್ಣದ ಹೃದಯಾಕಾರದ ಪದಕವದು. 1932ರಲ್ಲಿ, ಜಾರ್ಜ್ ವಾಷಿಂಗ್‌ಟನ್ನನ ಇನ್ನೂರನೆಯ ಹುಟ್ಟುಹಬ್ಬದಂದು, ಇಂದಿನ ರೂಪದಲ್ಲಿ ಬಂದಿತು. ಗಾಯವಾಗಿದ್ದರೆ ಸಾಲದು. ಅದು ಶತ್ರುವಿನಿಂದಲೇ ಆದದ್ದೆಂದು ತಿಳಿಯಬೇಕು, ವೈದ್ಯನು ಚಿಕಿತ್ಸೆ ಮಾಡಿರಬೇಕು, ಮಾಡಿದ್ದನ್ನು ಬರೆದಿಟ್ಟಿರಬೇಕು. ಹಿಮದಲ್ಲಿ ಗುಂಡೇಟು ತಿಂದವನಿಗೆ ಪಟ್ಟಿ ಕಟ್ಟಿದ ವೈದ್ಯ ಮರುದಿನ ತಾನೇ ಸತ್ತಿದ್ದರೆ ಬರೆಯುವವರು ಯಾರು? ಆಗ ಜೊತೆಗಾರರ ಪ್ರಮಾಣಪತ್ರ, ಮನೆಗೆ ಬಂದ ತಂತಿ, ಆಸ್ಪತ್ರೆಯಿಂದ ತಾಯಿಗೆ ಬರೆದ ಕಾಗದ, ಇಂಥವನ್ನು ಹುಡುಕಬೇಕು. ಹಳೆಯ ಟ್ರಂಕಿನ ತಳದಲ್ಲಿರುವ ಆ ಕಾಗದವನ್ನು ಇಲಿ ಕಡಿಯದೆ ಬಿಟ್ಟಿದ್ದರೆ ಭಾಗ್ಯ.

ಇಷ್ಟೊಂದು ಕಟ್ಟುನಿಟ್ಟು ಏಕೆಂದು ನಮಗೆ ಸಿಟ್ಟು ಬರುವುದು ಸಹಜ. ಆದರೆ ಸುಳ್ಳು ಪದಕಗಳ ಹಾವಳಿಯೂ ಅಲ್ಲಿ ಸಾಮಾನ್ಯವಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾದ ನೀರು ಸರಬರಾಜು ಮಂಡಲಿಯ ಹೊಸ ಸದಸ್ಯನೊಬ್ಬ, ಸೇನೆಯ ಗಾಳಿಯೂ ಸೋಕದವನು, ತನಗೆ ದೇಶದ ಅತ್ಯುಚ್ಚ ಶೌರ್ಯಪದಕವಾದ ‘ಮೆಡಲ್ ಆಫ್ ಆನರ್’ ಬಂದಿದೆಯೆಂದು ಸಭೆಯಲ್ಲಿ ಹೇಳಿಕೊಂಡ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬರಿಯ ಸುಳ್ಳಾಡಿದ್ದಕ್ಕೆ ಶಿಕ್ಷಿಸುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2012ರಲ್ಲಿ ತೀರ್ಪಾಯಿತು! ಮರುವರ್ಷ, ಅಂಥ ಸುಳ್ಳಿನಿಂದ ಹಣವನ್ನೋ ಲಾಭವನ್ನೋ ಪಡೆಯುವುದನ್ನು ಅಪರಾಧವೆಂದು ಸಾರುವ ಹೊಸ ಶಾಸನವನ್ನು ಮಾಡಬೇಕಾಯಿತು.

ಹಿಂದೆ ಸರಕಾರವೇ ಪದಕಗಳನ್ನು ಕಡಲೆಪುರಿಯಂತೆ ಹಂಚಿದ ಕಾಲವೂ ಒಂದಿತ್ತು. ಅಂತರ್ಯುದ್ಧದ ಸಮಯದಲ್ಲಿ ಒಂದೇ ರೆಜಿಮೆಂಟಿಗೆ ‘ಮೆಡಲ್ ಆಫ್ ಆನರ್’ ಎಂಟುನೂರಕ್ಕೂ ಮೇಲೆ ಸಂದಿತ್ತು. ಅದನ್ನು ಶುದ್ಧಿ ಮಾಡಲು ಕುಳಿತ ಮಂಡಲಿಯೊಂದು 1917ರಲ್ಲಿ 911 ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿತು. ಜೊಳ್ಳಿನ ಜೊತೆಗೆ ಕಾಳೂ ತೂರಿಹೋಯಿತು. ಆ ಹೆಸರುಗಳಲ್ಲಿ ಡಾಕ್ಟರ್ ಮೇರಿ ವಾಕರ್ ಎಂಬಾಕೆಯದೂ ಒಂದು. ಅಂತರ್ಯುದ್ಧದಲ್ಲಿ ಗಾಯಾಳುಗಳ ಚಿಕಿತ್ಸೆ ಮಾಡುತ್ತ, 1864ರಲ್ಲಿ ಶತ್ರುಗಳ ಕೈಗೆ ಸಿಕ್ಕಿ, ನಾಲ್ಕು ತಿಂಗಳು ಸೆರೆಯಲ್ಲಿ ಕಳೆದ ವೈದ್ಯೆ. ಹೆಂಗಸರು ಷರಾಯಿ ತೊಡುವುದು ಮಹಾಪರಾಧವಾಗಿದ್ದ ದಿನಗಳಲ್ಲಿ ಷರಾಯಿ ತೊಟ್ಟು ಓಡಾಡಿದ ಗಟ್ಟಿಗಿತ್ತಿ. ಆ ಅತ್ಯುಚ್ಚ ಪದಕವನ್ನು ಪಡೆದ ಹೆಣ್ಣು ಆಕೆಯೊಬ್ಬಳೇ. ಆಕೆ ಸೇನೆಯ ಅಧಿಕಾರಿಯಾಗಿರಲಿಲ್ಲ, ನಾಗರಿಕಳು, ಎಂಬ ತಾಂತ್ರಿಕ ಕಾರಣದಿಂದ ಹೆಸರು ಹೋಯಿತು. ಪದಕವನ್ನು ಹಿಂದಿರುಗಿಸಲು ಆಕೆ ಒಪ್ಪಲಿಲ್ಲ. 1919ರಲ್ಲಿ ಕಣ್ಣು ಮುಚ್ಚುವವರೆಗೂ ಅದನ್ನು ಎದೆಯ ಮೇಲೆ ಧರಿಸಿಕೊಂಡೇ ಓಡಾಡಿದಳು. ಭೂಸೇನೆಯ ದಾಖಲೆ ತಿದ್ದುವ ಮಂಡಲಿ ಆಕೆಯ ಪದಕವನ್ನು ಮತ್ತೆ ಊರ್ಜಿತಗೊಳಿಸಿದ್ದು 1977ರಲ್ಲಿ. ಆಕೆ ಸತ್ತು ಐವತ್ತೆಂಟು ವರ್ಷಗಳಾಗಿದ್ದವು.

ಇಪ್ಪತ್ತೊಂದು ಗಾಯಗಳ ಸಿಪಾಯಿ

ಕಾಗದ ಸುಡುವುದು ಬೇರೆ. ಕಾಗದವನ್ನು ಬರೆಯದೆಯೇ ಬಿಡುವುದು ಬೇರೆ. ಹೆನ್ರಿ ಜಾನ್ಸನ್ನನ ಕಥೆ ಈ ಎರಡನೆಯ ಜಾತಿಯದು.

ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ರೈಲ್ವೆ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಹೊರುತ್ತಿದ್ದ ಕಪ್ಪು ಜನಾಂಗದ ತರುಣ ಅವನು. ಸಣ್ಣ ಆಳು. 1917ರ ಜೂನಿನಲ್ಲಿ ಸೇನೆಗೆ ಸೇರಿದ. ಅವನ ದಳ ಮುಂದೆ 369ನೆಯ ರೆಜಿಮೆಂಟು ಎಂದು ಹೆಸರಾಯಿತು. ಬಿಳಿಯ ಅಮೆರಿಕನ್ನರ ಸೇನೆಗೆ ಕಪ್ಪು ಸಿಪಾಯಿಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೋರಾಡುವ ಮನಸ್ಸಿರಲಿಲ್ಲವಾಗಿ ಆ ರೆಜಿಮೆಂಟನ್ನು ಫ್ರೆಂಚರ ಕೈಗೆ ಒಪ್ಪಿಸಿಬಿಟ್ಟರು. ಫ್ರೆಂಚರು ಅವರಿಗೆ ತಮ್ಮ ಬಂದೂಕು ಕೊಟ್ಟರು, ತಮ್ಮ ಶಿರಸ್ತ್ರಾಣ ಕೊಟ್ಟರು, ಕಂದಕದಲ್ಲಿ ಜಾಗ ಕೊಟ್ಟರು.

1918ರ ಮೇ 15ರ ನಸುಕಿಗೆ ಮುಂಚೆ, ಆರ್ಗಾನ್ ಅರಣ್ಯದ ಅಂಚಿನ ಹೊರಠಾಣೆಯಲ್ಲಿ ಜಾನ್ಸನ್ನನೂ ನೀಧಮ್ ರಾಬರ್ಟ್ಸ್ ಎಂಬ ಜೊತೆಗಾರನೂ ಕಾವಲಿದ್ದರು. ಹನ್ನೆರಡು ಮಂದಿಗೆ ಕಡಮೆಯಿಲ್ಲದ ಜರ್ಮನರ ತುಕಡಿ ಮುಳ್ಳುತಂತಿ ಕತ್ತರಿಸಿಕೊಂಡು ಒಳನುಗ್ಗಿತು. ರಾಬರ್ಟ್ಸ್ ಬಲವಾಗಿ ಗಾಯಗೊಂಡು ಬಿದ್ದ. ಜಾನ್ಸನ್ ಕೈಬಾಂಬುಗಳು ಮುಗಿಯುವವರೆಗೆ ಎಸೆದ; ಬಂದೂಕು ಹಾರಿಸಿದ; ಅದು ಸಿಕ್ಕಿಕೊಂಡಾಗ ತಿರುಗಿಸಿ ಹಿಡಿದು ದೊಣ್ಣೆಯಂತೆ ಬೀಸಿದ. ರಾಬರ್ಟ್ಸನನ್ನು ಸೆರೆಯಾಳಾಗಿ ಎಳೆದೊಯ್ಯುತ್ತಿದ್ದುದನ್ನು ಕಂಡು, ಸೊಂಟದಲ್ಲಿದ್ದ ದೊಡ್ಡ ಕತ್ತಿಯನ್ನು ಹಿರಿದು ಅವರ ಮೇಲೆ ಬಿದ್ದ. ಶತ್ರುಗಳು ಹಿಮ್ಮೆಟ್ಟಿದರು. ಜೊತೆಗಾರ ಉಳಿದ. ಜಾನ್ಸನ್ನನ ಮೈಮೇಲೆ ಇಪ್ಪತ್ತೊಂದು ಗಾಯಗಳಾಗಿದ್ದವು.

ಫ್ರಾನ್ಸ್ ಅವನಿಗೆ ತನ್ನ ‘ಕ್ರ್ವಾ ದ ಗೇರ್’ ಪದಕವನ್ನು ತಾಳೆಗರಿಯ ವಿಶೇಷ ಚಿಹ್ನೆಯೊಡನೆ ಕೊಟ್ಟಿತು. 1919ರ ಫೆಬ್ರವರಿಯಲ್ಲಿ ರೆಜಿಮೆಂಟು ನ್ಯೂಯಾರ್ಕಿನ ರಾಜಬೀದಿಯಲ್ಲಿ ಮೆರವಣಿಗೆ ಬಂದಾಗ ಜಾನ್ಸನ್ನನನ್ನು ತೆರೆದ ಮೋಟಾರಿನಲ್ಲಿ ಕೂರಿಸಿದ್ದರು. ಯುದ್ಧನಿಧಿಯ ಸ್ಟಾಂಪು ಮಾರಲು ಅವನ ಹೆಸರನ್ನು ಬಳಸಿಕೊಂಡರು. ಆದರೆ ಬಿಡುಗಡೆ ಪತ್ರ ಬಂದಾಗ ಅದರಲ್ಲಿ ಒಂದು ಗಾಯದ ಮಾತೂ ಇರಲಿಲ್ಲ! ಇಪ್ಪತ್ತೊಂದರಲ್ಲಿ ಒಂದು ಕೂಡ. ಗಾಯವಿಲ್ಲವೆಂದ ಮೇಲೆ ಗಾಯದ ಮಾಸಾಶನವೆಲ್ಲಿಯದು? ಪಾದದ ಮೂಳೆ ಚೂರಾಗಿದ್ದವನು ಸಾಮಾನು ಹೊರುವ ಕೆಲಸಕ್ಕೆ ಹೋಗುವುದು ಹೇಗೆ? ಕಪ್ಪು ಸಿಪಾಯಿಗಳನ್ನು ಬಿಳಿಯರು ನಡೆಸಿಕೊಂಡ ರೀತಿಯನ್ನು ಅವನು ಸೇಂಟ್ ಲೂಯಿಸ್ ನಗರದ ಸಭೆಯೊಂದರಲ್ಲಿ ಬಿಚ್ಚಿ ಹೇಳಿದ. ಅಲ್ಲಿಂದ ಅವನನ್ನು ಭಾಷಣಕ್ಕೆ ಕರೆಯುವವರೂ ಇಲ್ಲವಾದರು. 1929ರ ಜುಲೈಯಲ್ಲಿ ತೀರಿಕೊಂಡ.

ಆಮೇಲೆ ಅವನು ದಂತಕಥೆಯಾದ. ಬಿಡಿಗಾಸಿಲ್ಲದೆ ಸತ್ತನೆಂದೂ, ಆಲ್ಬನಿಯಲ್ಲಿ ಅನಾಥರನ್ನು ಹೂಳುವಲ್ಲಿ ಹೂಳಿದರೆಂದೂ ಜನ ನಂಬಿದ್ದರು. ಅವನಿಗೆ ಸಲ್ಲಬೇಕಾದ ಪದಕಕ್ಕಾಗಿ ಬಹುಕಾಲ ಹೋರಾಟ ನಡೆಯಿತು. 1996ರಲ್ಲಿ ಪರ್ಪಲ್ ಹಾರ್ಟ್ ಬಂದಿತು. ಈ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಸೇನಾ ಇಲಾಖೆಯ ಸಂಶೋಧಕರು ಹಳೆಯ ದಫ್ತರು ಕೆದಕಿದಾಗ ಸಮಾಧಿಯೂ ಸಿಕ್ಕಿತು. ಅನಾಥರ ನಡುವೆಯಲ್ಲ, ರಾಷ್ಟ್ರವೀರರು ಮಲಗಿರುವ ಆರ್ಲಿಂಗ್‌ಟನ್ ಸ್ಮಶಾನದಲ್ಲಿ! ಅಲ್ಲಿನ ಪುಸ್ತಕದಲ್ಲಿ ‘ವಿಲಿಯಂ ಹೆನ್ರಿ ಜಾನ್ಸನ್’ ಎಂದು ಬರೆದಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1927ರಿಂದ ಅವನಿಗೆ ಕ್ಷಯರೋಗದ ಕಾರಣ ಅಂಗವಿಕಲ ವೇತನ ಸಂದಿತ್ತೆಂಬುದೂ ಮತ್ತೊಂದು ಕಡತದಿಂದ ತಿಳಿಯಿತು. ಗಾಯಗಳಿಗಾಗಿ ಅಲ್ಲ, ಕ್ಷಯಕ್ಕಾಗಿ. ಸರಕಾರದ ಸುಳ್ಳನ್ನು ತಿದ್ದಲು ಹೊರಟ ಕಾಗದ ಜನರ ದಂತಕಥೆಯನ್ನೂ ತಿದ್ದಿತು.

ಅತ್ಯುಚ್ಚ ಪದಕದ ಕೋರಿಕೆ ಮಾತ್ರ ಸಾಕ್ಷ್ಯ ಸಾಲದೆಂದು ಬಿದ್ದುಹೋಯಿತು. ಅದರ ಬದಲು ಎರಡನೆಯ ಶ್ರೇಣಿಯ ಪದಕ ದೊರೆಯಿತು. ಬಳಿಕ, ಅಮೆರಿಕದ ಸೇನೆಯ ಮಹಾದಂಡನಾಯಕನಾಗಿದ್ದ ಜನರಲ್ ಪರ್ಷಿಂಗ್ ಕದನ ನಡೆದ ಕೆಲವೇ ದಿನಗಳಲ್ಲಿ ಜಾನ್ಸನ್ನನ ಸಾಹಸವನ್ನು ವರ್ಣಿಸಿ ಬರೆದ ವರದಿ ಸೆನೆಟರ್ ಚಾರ್ಲ್ಸ್ ಷೂಮರ್ ಅವರ ಕಚೇರಿಯವರ ಕೈಗೆ ಸಿಕ್ಕಿತು. ತೊಂಬತ್ತು ವರ್ಷಗಳಿಂದ ಬೇಕಾಗಿದ್ದುದು ಅದೇ: ಆಗಿನ ಕಾಲದಲ್ಲಿ, ಹೊಣೆಯುಳ್ಳವನು, ಬರೆದಿಟ್ಟ ಒಂದು ಹಾಳೆ. ಸುಮಾರು 1300 ಪುಟಗಳ ಮನವಿ 2011ರಲ್ಲಿ ಸಲ್ಲಿಕೆಯಾಯಿತು. ಕಾಲಮಿತಿ ಮೀರಿದ್ದುದನ್ನು ಕಾಂಗ್ರೆಸ್ 2014ರಲ್ಲಿ ಶಾಸನದ ಮೂಲಕ ಮನ್ನಿಸಿತು. 2015ರ ಜೂನ್ 2ರಂದು ಅಧ್ಯಕ್ಷ ಒಬಾಮಾ ಶ್ವೇತಭವನದಲ್ಲಿ ಜಾನ್ಸನ್ನನ ಹೆಸರನ್ನು ಕರೆದರು.

ಪದಕವನ್ನು ಸ್ವೀಕರಿಸಲು ಬಂಧುಗಳು ಯಾರೂ ಮುಂದೆ ಬರಲಿಲ್ಲ. ಜಾನ್ಸನ್ನನ ಮಗನೆಂದೇ ನಂಬಿ ಬಾಳೆಲ್ಲ ಈ ಹೋರಾಟ ನಡೆಸಿದವರೊಬ್ಬರಿದ್ದರು. ಅವರೂ ಎರಡನೆಯ ಮಹಾಯುದ್ಧದ ಹೆಸರಾಂತ ಟಸ್ಕೀಗೀ ವೈಮಾನಿಕ ದಳದವರು. ಎರಡನೆಯ ಶ್ರೇಣಿಯ ಪದಕವನ್ನು ಅವರೇ ಸ್ವೀಕರಿಸಿದ್ದರು, 2004ರಲ್ಲಿ ತೀರಿಕೊಂಡರು. ಶ್ವೇತಭವನದ ಸಮಾರಂಭಕ್ಕೆ ಮುನ್ನ ಸೇನೆಯವರು ವಂಶಾವಳಿಯ ಕಾಗದಗಳನ್ನು ಕ್ರಮದಂತೆ ಪರಿಶೀಲಿಸಿದಾಗ, ಆ ಮನೆಯವರಿಗೂ ಜಾನ್ಸನ್ನನಿಗೂ ರಕ್ತಸಂಬಂಧವಿಲ್ಲವೆಂದು ಕಂಡುಬಂದಿತು. ಆದ್ದರಿಂದ ನ್ಯೂಯಾರ್ಕಿನ ರಾಷ್ಟ್ರೀಯ ರಕ್ಷಕ ದಳದ ಹಿರಿಯ ಸಾರ್ಜೆಂಟರು ಪದಕವನ್ನು ತೆಗೆದುಕೊಂಡರು. ಯಾರಿಗಾಗಿ ಕಾಗದಗಳನ್ನು ಅರಸಿ ಅರಸಿ ತಂದಿದ್ದರೋ ಅವನನ್ನು ಕಾಗದವೇ ಅವರಿಂದ ಅಗಲಿಸಿತು. ಆ ಮನೆಯವರು ದೂರಲಿಲ್ಲ, ಸಮಾರಂಭಕ್ಕೆ ಬಂದರು. ರಕ್ತಕ್ಕಿಂತ ಹತ್ತಿರದ ನಂಟು ಬೇರೊಂದಿರಬಹುದೆಂದು ಈ ಲೇಖಕನಿಗೆ ತೋರುತ್ತದೆ; ಅದಕ್ಕೆ ಯಾವ ಫಾರಮಿನಲ್ಲಿಯೂ ಅಂಕಣವಿಲ್ಲ.

2023ರಲ್ಲಿ ಲೂಯಿಸಿಯಾನಾ ರಾಜ್ಯದ ದೊಡ್ಡ ಸೇನಾನೆಲೆಯೊಂದಕ್ಕೆ ಜಾನ್ಸನ್ನನ ಹೆಸರಿಟ್ಟರು. 2025ರಲ್ಲಿ ಅದನ್ನು ತೆಗೆದು ಹಳೆಯ ಹೆಸರಿಗೇ ಮರಳಿದರು. ವರ್ಜೀನಿಯಾದ ನೆಲೆಗೆ ಇಟ್ಟಿದ್ದ ಮೇರಿ ವಾಕರಳ ಹೆಸರಿಗೂ ಅದೇ ಗತಿಯಾಯಿತು. ಫಲಕ ಬರೆಯುವವನಿಗೆ ಕೆಲಸ ಸಿಕ್ಕಿತು. ಪದಕಗಳು ಮಾತ್ರ ದಾಖಲೆಯಲ್ಲಿವೆ.

ಎರಡು ಬಾರಿ ಕಳೆದ ಶಿಫಾರಸು

ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರಲ್ಲಿ ಒಬ್ಬರಿಗೂ ಆ ಕಾಲದಲ್ಲಿ ಅತ್ಯುಚ್ಚ ಪದಕ ಸಿಗಲಿಲ್ಲ. ಇದು ಆಕಸ್ಮಿಕವೆ ಎಂದು ಸೇನೆಯೇ 1990ರ ದಶಕದಲ್ಲಿ ತಜ್ಞರಿಂದ ತನಿಖೆ ಮಾಡಿಸಿ, 1997ರಲ್ಲಿ ಏಳು ಮಂದಿಗೆ ಅದನ್ನು ನೀಡಿತು. ಆ ಏಳರಲ್ಲಿ ಜೀವಂತರಾಗಿದ್ದವರು ವರ್ನನ್ ಬೇಕರ್ ಒಬ್ಬರೇ. ಅವರಿಗಾಗ 77 ವರ್ಷ. ಇಂಥದೇ ಮರುಪರಿಶೀಲನೆಯ ನಂತರ 2000ದಲ್ಲಿ ಏಷ್ಯಾ ಮೂಲದ 22 ಸೈನಿಕರ ಸರದಿ ಬಂದಿತು. ಅವರಲ್ಲೊಬ್ಬರು, ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಸೆನೆಟರ್ ಡೇನಿಯಲ್ ಇನೌಯೆ.

ವಿಯಟ್ನಾಮಿನ ಪ್ಯಾರಿಸ್ ಡೇವಿಸ್ ಪ್ರಕರಣದಲ್ಲಿ ಬೆಂಕಿಯೂ ಬೀಳಲಿಲ್ಲ, ಬರೆಯುವವನೂ ತಪ್ಪಲಿಲ್ಲ. 1965ರ ಜೂನಿನಲ್ಲಿ ಬಾಂಗ್ ಸಾನ್ ಎಂಬಲ್ಲಿ ಈ ಕಪ್ಪು ಕ್ಯಾಪ್ಟನ್ ಮೈತುಂಬ ಗಾಯಗಳಾಗಿದ್ದರೂ ತನ್ನ ಕೈಕೆಳಗಿನ ಅಮೆರಿಕನ್ನರನ್ನೆಲ್ಲ ಹೊರಕ್ಕೆ ಸಾಗಿಸುವ ತನಕ ರಣರಂಗ ಬಿಟ್ಟು ಕದಲಲಿಲ್ಲ. ಮೇಲಧಿಕಾರಿ ಶಿಫಾರಸು ಬರೆದ. ಅದು ಕಾಣೆಯಾಯಿತು. 1969ರ ವಿಚಾರಣೆಯಲ್ಲಿ ಕಡತವೇ ಇಲ್ಲವೆಂದು ತಿಳಿದು ಮತ್ತೆ ಬರೆಯಲು ಆಜ್ಞೆಯಾಯಿತು. ಅದೂ ಎಲ್ಲಿಗೋ ಹೋಯಿತು. ಒಮ್ಮೆ ಕಳೆದರೆ ಅಲಕ್ಷ್ಯವೆನ್ನೋಣ. ಎರಡು ಬಾರಿ ಕಳೆದರೆ ಏನೆನ್ನಬೇಕೋ ಓದುಗರೇ ಹೇಳಲಿ. ಹಳೆಯ ಜೊತೆಗಾರರೂ ಹೊಸ ಅಭಿಮಾನಿಗಳೂ ಬಿಡದೆ ಬೆನ್ನು ಹತ್ತಿದ ಫಲವಾಗಿ 2023ರ ಮಾರ್ಚ್ 3ರಂದು ಅಧ್ಯಕ್ಷ ಬೈಡನ್ ಆ ಪದಕವನ್ನು ಅವರ ಕೊರಳಿಗೆ ಹಾಕಿದರು. ಡೇವಿಸರಿಗೆ 83 ವರ್ಷ ತುಂಬಿತ್ತು. ಅವರು ಬದುಕಿದ್ದರು ಎಂಬುದೇ ದೊಡ್ಡ ಮಾತು.

ಇವರೆಲ್ಲ ಪತ್ರಿಕೆಗಳಲ್ಲಿ ಬಂದವರು. ಮಂಡಲಿಗಳ ಮುಂದೆ ಬರುವ ಅರ್ಜಿಗಳಲ್ಲಿ ಶ್ವೇತಭವನದ ಸುದ್ದಿಯಿರುವುದಿಲ್ಲ. ಒಂದು ಬ್ರಾಂಜ್ ಸ್ಟಾರ್, ಒಂದು ಪರ್ಪಲ್ ಹಾರ್ಟ್, ರೆಜಿಮೆಂಟಿಗೆಲ್ಲ ಒಟ್ಟಾಗಿ ಸಂದ ಒಂದು ಬಿರುದು. ಸೈನಿಕ ತೀರಿಕೊಂಡಿದ್ದರೆ ಅವನ ಹೆಂಡತಿಯೋ ಮಕ್ಕಳೋ ಮರಣಪತ್ರ ಲಗತ್ತಿಸಿ ಬೇಡಬಹುದು. ಬಿಡುಗಡೆಯಾಗಿ 62 ವರ್ಷ ಕಳೆದ ಕಡತವಾದರೆ ಅದನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಅರ್ಜಿ ಊರ್ಜಿತವಾಯಿತೆಂದುಕೊಳ್ಳಿ. ಸಾಮಾನ್ಯವಾಗಿ ಹಳೆಯ ಡಿ.ಡಿ. 214ನ್ನು ಹರಿದುಹಾಕಿ ಹೊಸದನ್ನು ಬರೆದುಕೊಡುವುದಿಲ್ಲ. ‘ಡಿ.ಡಿ. 215’ ಎಂಬ ಇನ್ನೊಂದು ಹಾಳೆಯಲ್ಲಿ, ಇಂಥ ಅಂಕಣದಲ್ಲಿ ಇಂಥದನ್ನು ಸೇರಿಸಿಕೊಳ್ಳತಕ್ಕದ್ದು ಎಂದು ಒಂದೆರಡು ಸಾಲು ಟೈಪು ಮಾಡಿ ಕಳುಹಿಸುತ್ತಾರೆ. ಅದನ್ನು ಹಳೆಯ ಪತ್ರಕ್ಕೆ ಪಿನ್ನು ಹಾಕಿ ಇಟ್ಟುಕೊಳ್ಳಬೇಕು. ಪದಕ ಫಿಲಡೆಲ್ಫಿಯಾದಿಂದ ಬೇರೆಯಾಗಿ, ಅಂಚೆಯಲ್ಲಿ, ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಬರುತ್ತದೆ.